ಸಿಸಿಲಿಯ ಅರಸನಾದ ರೋಜರನೂ ಅವನು ಕಟ್ಟಿಸಿದ ಕೋಟೆಯಂಥ ದೇವಾಲಯವೂ

ಅಪೊಸ್ತಲನಾದ ಪೌಲನು ಸೆರೆಯಾಳಾಗಿ ರೋಮಾಪುರಕ್ಕೆ ಹೋಗುವಾಗ ಹಡಗು ಒಡೆದು ಮೆಲೀತೆ ದ್ವೀಪದಲ್ಲಿ ಚಳಿಗಾಲವನ್ನು ಕಳೆದದ್ದನ್ನೂ, ಅಲ್ಲಿಂದ ಬೇರೆ ಹಡಗು ಹತ್ತಿ ಸಿರಾಕ್ಯೂಸ್ ಎಂಬ ಪಟ್ಟಣದಲ್ಲಿ ಮೂರು ದಿನ ತಂಗಿದ್ದನ್ನೂ ನಾವು ಅಪೊಸ್ತಲರ ಕೃತ್ಯಗಳ ಕಡೇ ಅಧ್ಯಾಯದಲ್ಲಿ ಓದಿದ್ದೇವೆ. ಆ ಪಟ್ಟಣವಿರುವ ದ್ವೀಪಕ್ಕೆ ಸಿಸಿಲಿ ಎಂದು ಹೆಸರು. ಭೂಮಧ್ಯ ಸಮುದ್ರದ ದ್ವೀಪಗಳಲ್ಲೆಲ್ಲಾ ಅದೇ ದೊಡ್ಡದು. ಇಟಲಿ ದೇಶದ ತುದಿಗೂ ಅದಕ್ಕೂ ನಡುವೆ ಅತಿ ಇಕ್ಕಟ್ಟಾದ ಸ್ಥಳದಲ್ಲಿ ಸುಮಾರು 3 ಕಿಲೋಮೀಟರ್ ಅಗಲದ ನೀರು ಮಾತ್ರ ಇರುವದು. ದಕ್ಷಿಣಕ್ಕೆ ಆಫ್ರಿಕ ಖಂಡವೂ ಬಹಳ ದೂರವಿಲ್ಲ. ಆದಕಾರಣ ನಾಲ್ಕು ದಿಕ್ಕಿನ ಅರಸರೂ ಅದರ ಮೇಲೆ ಕಣ್ಣಿಟ್ಟಿದ್ದರು.

ಈ ದ್ವೀಪದ ಉತ್ತರ ಕರಾವಳಿಯಲ್ಲಿ, ಪಲೆರ್ಮೊ ಎಂಬ ರಾಜಧಾನಿಗೆ ಮೂಡಲಾಗಿ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಚೆಫಾಲು ಎಂಬ ಚಿಕ್ಕ ಪಟ್ಟಣವಿದೆ. ಪಟ್ಟಣದ ಬೆನ್ನಿಗೆ ಸುಮಾರು 270 ಮೀಟರ್ ಎತ್ತರದ ಬರೀ ಬಂಡೆಯ ಗುಡ್ಡವು ಗೋಡೆಯಂತೆ ಎದ್ದು ನಿಂತಿರುವದು. ಅದರ ಬುಡದಲ್ಲಿ, ಮನೆಗಳ ಮಾಡುಗಳಿಗಿಂತ ಬಹಳ ಮೇಲಕ್ಕೆ ತಲೆಯೆತ್ತಿ, ಒಂದು ದೇವಾಲಯ ನಿಂತಿದೆ. ಅದರ ಮುಂದುಗಡೆ ಎರಡು ಪಕ್ಕಗಳಲ್ಲಿ ಚೌಕನಾದ ಎರಡು ದಪ್ಪ ಬುರುಜುಗಳುಂಟು. ಬುರುಜುಗಳ ಕಿಟಕಿಗಳು ಕಿರಿದು. ಗೋಡೆಗಳ ದಪ್ಪದೊಳಗೇ ನಡೆದುಹೋಗುವ ಓಣಿಗಳಿವೆ. ಕಡಲಿನಿಂದ ನೋಡುವವನು ಇದನ್ನು ಪ್ರಾರ್ಥನೆಯ ಮನೆಯೆಂದು ತಿಳಿಯುವದಕ್ಕಿಂತ ಮೊದಲು ಕೋಟೆಯೆಂದೇ ತಿಳಿಯುವನು.

ಇದನ್ನು ಕಟ್ಟಿಸಿದವನು ಸಿಸಿಲಿಯ ಮೊದಲನೆಯ ಅರಸನಾದ ರೋಜರನು. ತಂದೆಯ ಹೆಸರೂ ರೋಜರನೇ ಆಗಿದ್ದದರಿಂದ ಚರಿತ್ರೆಗಾರರು ಇವನನ್ನು ಎರಡನೆಯ ರೋಜರನೆಂದು ಕರೆಯುವರು. ತಾನು ಸತ್ತ ಮೇಲೆ ತನ್ನ ದೇಹವು ಈ ದೇವಾಲಯದಲ್ಲೇ ವಿಶ್ರಮಿಸಬೇಕೆಂದು ಅವನು ಶವಪೆಟ್ಟಿಗೆಯನ್ನೂ ಬದುಕಿರುವಾಗಲೇ ಇಲ್ಲಿ ಇರಿಸಿದನು. ಆ ಪೆಟ್ಟಿಗೆಯು ಯಾರ ಪಾಲಾಯಿತೆಂಬದನ್ನೂ, ಅರಸನ ಕೆಲಸಗಳಲ್ಲಿ ಯಾವದು ನಿಂತಿತು, ಯಾವದು ಬಿತ್ತು ಎಂಬದನ್ನೂ ನಾವು ಈ ಸಾರಿ ಬರೆಯುತ್ತೇವೆ.

1. ಅರಸನ ಮನೆತನವೂ ಬಾಲ್ಯವೂ

ಸಿಸಿಲಿಯು ಬಹುಕಾಲ ಕಾನ್ಸ್ಟಾಂಟಿನೋಪಲಿನ ಗ್ರೀಕ್ ಚಕ್ರವರ್ತಿಗಳ ಕೈಯಲ್ಲಿತ್ತು. 827 ರಲ್ಲಿ ಮುಸಲ್ಮಾನರು ಆಫ್ರಿಕದಿಂದ ದಂಡೆತ್ತಿ ಬಂದರು. 831 ರಲ್ಲಿ ಪಲೆರ್ಮೊ, 858 ರಲ್ಲಿ ಚೆಫಾಲು ಅವರ ವಶವಾದವು. ಅವರು ದ್ವೀಪವನ್ನು ಹಾಳುಗೆಡವಲಿಲ್ಲ. ಕಾಲಿವೆಗಳನ್ನು ತೆಗೆದು, ನಿಂಬೆ, ಕಬ್ಬು ಮೊದಲಾದ ಬೆಳೆಗಳನ್ನು ತಂದು, ಪಲೆರ್ಮೊವನ್ನು ಮಹಾ ಪಟ್ಟಣವನ್ನಾಗಿ ಮಾಡಿದರು. ಇನ್ನೂರು ವರುಷಗಳ ತರುವಾಯ ನಾರ್ಮನರು ಬಂದರು. ಇವರ ಪೂರ್ವಜರು ಉತ್ತರ ದೇಶದ ಕಡಲುಗಳ್ಳರು. ಫ್ರಾನ್ಸಿನಲ್ಲಿ ನೆಲೆಸಿ ಕ್ರೈಸ್ತರಾದವರು. ಆ ಜನರಲ್ಲಿ ತಾಂಕ್ರೇದನೆಂಬ ಒಬ್ಬ ಸಾಧಾರಣ ಜಮೀನುದಾರನಿಗೆ ಹನ್ನೆರಡು ಮಂದಿ ಗಂಡುಮಕ್ಕಳಿದ್ದರು. ಅಷ್ಟು ಮಂದಿಗೆ ತಂದೆಯ ಹೊಲ ಸಾಲದೆ ಹೋದದರಿಂದ ಅವರಲ್ಲಿ ಅನೇಕರು ಕತ್ತಿಯನ್ನೇ ಜೀವನಮಾರ್ಗ ಮಾಡಿಕೊಂಡು ಇಟಲಿಗೆ ಹೋದರು. ಕಿರಿಯವನಾದ ಒಂದನೆಯ ರೋಜರನು ಅಣ್ಣನ ಸಂಗಡ 1061 ರಲ್ಲಿ ಮೆಸ್ಸೀನ ಪಟ್ಟಣವನ್ನೂ 1072 ರಲ್ಲಿ ಪಲೆರ್ಮೊವನ್ನೂ ಹಿಡಿದನು. 1091 ರೊಳಗೆ ದ್ವೀಪವೆಲ್ಲಾ ಅವನ ವಶವಾಯಿತು.

ನಮ್ಮ ರೋಜರನು 1095 ನೇ ಡಿಸೆಂಬರ್ 22 ರಲ್ಲಿ ಹುಟ್ಟಿದನು. ಅವನ ತಾಯಿ ಅಡೆಲೈಡಳು ಮುದಿ ಪ್ರಭುವಿನ ಮೂರನೆಯ ಹೆಂಡತಿ. 1101 ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಆರು ವರುಷವೂ ತುಂಬಿರಲಿಲ್ಲ. ಪಟ್ಟಕ್ಕೆ ಬಂದ ಅಣ್ಣ ಸೀಮೋನನು 1105 ರಲ್ಲಿ ಬಾಲ್ಯದಲ್ಲಿಯೇ ಸತ್ತುಹೋದದರಿಂದ ಪ್ರಭುತ್ವವು ಇವನಿಗೆ ಬಂತು. ಇವನು ಪ್ರಾಯಕ್ಕೆ ಬರುವ ತನಕ, ಅಂದರೆ 1112 ರ ವರೆಗೆ, ವಿಧವೆಯಾದ ತಾಯಿಯೇ ರಾಜ್ಯವನ್ನು ಆಳಿದಳು. ಆಕೆಯು 1109 ರಲ್ಲಿ ಗ್ರೀಕ್ ಮತ್ತು ಅರಬಿ ಭಾಷೆಗಳಲ್ಲಿ ಬರೆಯಿಸಿದ ಒಂದು ಅಪ್ಪಣೆಪತ್ರವು ಪಲೆರ್ಮೊದಲ್ಲಿ ಇಂದಿಗೂ ಇದೆ. ಯೂರೋಪಿನಲ್ಲಿ ಉಳಿದಿರುವ ಕಾಗದದ ಬರಹಗಳಲ್ಲಿ ಅದೇ ಅತಿ ಹಳೆಯದೆನ್ನುವರು. ಹುಡುಗನು ಬೆಳೆದದ್ದು ಇಂಥ ಮನೆಯಲ್ಲಿ. ಲೆಕ್ಕ ಬರೆಯುವವನು ಮುಸಲ್ಮಾನನು, ಕಾರಭಾರಿ ಗ್ರೀಕನು, ದಂಡಿನವನು ನಾರ್ಮನನು. ಒಂದೊಂದು ಬಾಗಲಲ್ಲಿ ಒಂದೊಂದು ಭಾಷೆ ಕೇಳಿಬರುತ್ತಿತ್ತು.

ತಾಯಿಯ ಕಥೆಯು ದುಃಖಕರವಾದದ್ದು. 1113 ರಲ್ಲಿ ಯೆರೂಸಲೇಮಿನ ಅರಸನಾದ ಬಾಲ್ಡ್ವಿನನು ಆಕೆಯ ಹಣದ ಆಶೆಯಿಂದ ಆಕೆಯನ್ನು ಮದುವೆಯಾದನು. ಆದರೆ ಅವನ ಮುಂಚಿನ ಹೆಂಡತಿ ಇನ್ನೂ ಬದುಕಿದ್ದಳು. ಹಣವು ಮುಗಿದ ಮೇಲೆ, 1117 ರಲ್ಲಿ, ಅವನು ಅಡೆಲೈಡಳನ್ನು ಬಿಟ್ಟುಬಿಟ್ಟನು. ಆಕೆ ಅವಮಾನದಿಂದ ಸಿಸಿಲಿಗೆ ಹಿಂತಿರುಗಿ ಮರು ವರುಷವೇ ಮೃತಳಾದಳು. ಮಗನು ಇದನ್ನು ಮರೆಯಲಿಲ್ಲ. ಮುಂದೆ ಯೆರೂಸಲೇಮಿನ ಕ್ರೈಸ್ತ ರಾಜ್ಯವು ಕಷ್ಟಕ್ಕೆ ಬಿದ್ದಾಗಲೂ ಅವನು ಅದಕ್ಕೆ ಕೈಚಾಚಿ ಸಹಾಯಮಾಡಲಿಲ್ಲ.

2. ಕಿರೀಟವೂ ದೇವಾಲಯದ ಅಸ್ತಿವಾರವೂ

1127 ರಲ್ಲಿ ದಕ್ಷಿಣ ಇಟಲಿಯನ್ನು ಆಳುತ್ತಿದ್ದ ದಾಯಾದಿಯು ಮಕ್ಕಳಿಲ್ಲದೆ ಸತ್ತನು. ರೋಜರನು ಕೂಡಲೇ ಹಡಗು ಹತ್ತಿ ಹೋಗಿ ಆ ಸೀಮೆಯನ್ನು ತನ್ನದೆಂದನು. ರೋಮಿನ ಪೋಪರು ಮೊದಲು ಎದುರಿಸಿ, 1128 ರಲ್ಲಿ ಒಪ್ಪಿಕೊಂಡರು. ಆದರೆ ರೋಜರನಿಗೆ ಪ್ರಭುವೆಂಬ ಹೆಸರು ಸಾಲಲಿಲ್ಲ. ಅರಸನೆಂಬ ಹೆಸರು ಬೇಕಾಗಿತ್ತು. 1130 ರಲ್ಲಿ ಅದಕ್ಕೆ ಸಮಯ ಬಂತು. ಆ ವರುಷ ರೋಮಿನಲ್ಲಿ ಒಂದೇ ದಿನ ಇಬ್ಬರು ಪೋಪರು ಆರಿಸಲ್ಪಟ್ಟರು. ಇನ್ನೊಸೆಂಟನನ್ನು ಯೂರೋಪಿನ ಹೆಚ್ಚಿನ ಅರಸರೂ ಕ್ಲೇರ್ವೋ ಮಠದ ಬೆರ್ನಾರ್ಡನೂ ಹಿಡಿದುಕೊಂಡರು. ಅನಾಕ್ಲೇತನಿಗೆ ಆಶ್ರಯ ಬೇಕಾಗಿತ್ತು. ರೋಜರನು ಅವನಿಗೆ ಆಶ್ರಯ ಕೊಟ್ಟನು. ಅವನು ರೋಜರನಿಗೆ ಕಿರೀಟ ಕೊಟ್ಟನು. 1130 ನೇ ಕ್ರಿಸ್ತಜಯಂತಿಯ ದಿನ ಪಲೆರ್ಮೊದಲ್ಲಿ ಪಟ್ಟಾಭಿಷೇಕವಾಯಿತು. ಸಭೆಯ ಒಡಕಿನಿಂದ ಅರಸನು ತನ್ನ ಲಾಭವನ್ನು ಮಾಡಿಕೊಂಡನು. ಆ ಲಾಭಕ್ಕೆ ಒಂಬತ್ತು ವರುಷಗಳ ಯುದ್ಧವನ್ನು ಬೆಲೆಯಾಗಿ ಕೊಡಬೇಕಾಯಿತು.

ಪಟ್ಟವಾದ ಮರು ವರುಷ, 1131 ನೇ ಜೂನ್ 7 ರಲ್ಲಿ, ಪಂಚಾಶತ್ತಮ ದಿನದ ಹಬ್ಬದಂದು, ಚೆಫಾಲು ದೇವಾಲಯದ ಅಸ್ತಿವಾರವು ಹಾಕಲ್ಪಟ್ಟಿತು. ಇದರ ವಿಷಯದಲ್ಲಿ ಒಂದು ಐತಿಹ್ಯವುಂಟು. ಅರಸನು ಇಟಲಿಯಿಂದ ಹಿಂತಿರುಗುವಾಗ ಬಿರುಗಾಳಿ ಎದ್ದು ಹಡಗು ಮುಳುಗುವ ಹಾಗಾಯಿತಂತೆ. ಜೀವ ಉಳಿದರೆ ಮೊದಲು ಕಾಲಿಡುವ ದಡದಲ್ಲಿ ಲೋಕರಕ್ಷಕನಿಗೆ ಆಲಯವನ್ನು ಕಟ್ಟುವೆನೆಂದು ಹರಕೆ ಮಾಡಿದನಂತೆ. ಹಡಗು ಚೆಫಾಲುವಿನ ದಡಕ್ಕೆ ಸೇರಿತಂತೆ. ಅರಸನ ಕಾಲದ ಪತ್ರಗಳಲ್ಲಿ ಈ ಮಾತು ಇಲ್ಲ. ಇದು ಬಹುಕಾಲದ ಮೇಲೆ ಬರೆದಿಡಲ್ಪಟ್ಟ ಕಥೆ. ಹರಕೆಯಿಂದಲೋ ರಾಜನೀತಿಯಿಂದಲೋ, ಆಲಯವಂತೂ ಎದ್ದಿತು. ಕಡಲಿನಿಂದ ಬರುವ ದಾಳಿಗಳಿಗೆ ಹೆದರಿ ಊರಿನ ಜನರು ಬಹುಕಾಲದಿಂದ ಬಂಡೆಗುಡ್ಡದ ಮೇಲೆ ವಾಸಿಸುತ್ತಿದ್ದರು. ರೋಜರನು ಅವರನ್ನು ಕೆಳಗಿಳಿಸಿ ದಡದಲ್ಲಿ ಊರನ್ನು ಹೊಸದಾಗಿ ನೆಲೆಗೊಳಿಸಿದನು. ಭಯದಿಂದ ಗುಡ್ಡ ಹತ್ತಿದ್ದವರು ಧೈರ್ಯದಿಂದ ಇಳಿದು ಬರಬೇಕಾದರೆ ಅವರ ಕಣ್ಣೆದುರಿಗೆ ಬಲವಾದದ್ದೊಂದು ಬೇಕಷ್ಟೆ. ಆದದರಿಂದ ಆಲಯವು ಕೋಟೆಯ ರೂಪವನ್ನು ತಾಳಿದ್ದು ಆಶ್ಚರ್ಯವಲ್ಲ. ದೂರದ ಹಡಗುಗಳಿಗೆ ಆ ಬುರುಜುಗಳು ಇಲ್ಲಿ ಒಬ್ಬ ಅರಸನಿದ್ದಾನೆಂದು ಸಾರುತ್ತಿದ್ದವು.

3. ಕಷ್ಟಕಾಲ

ಆದರೆ ಅರಸನ ಬಲವು ಬುರುಜುಗಳಷ್ಟು ಸ್ಥಿರವಾಗಿರಲಿಲ್ಲ. ಇಟಲಿಯ ಪ್ರಭುಗಳು ತಿರುಗಿಬಿದ್ದರು. 1132 ರಲ್ಲಿ ನೋಚೆರ ಎಂಬಲ್ಲಿ ಅರಸನು ಸೋತು ಓಡಿದನು. 1135 ರಲ್ಲಿ ಅವನ ಹೆಂಡತಿ ಎಲ್ವೀರಳು ತೀರಿಕೊಂಡಳು. ಆಕೆ ಸ್ಪೇನಿನ ಅರಸುಮಗಳು; ಹದಿನೆಂಟು ವರುಷ ಅವನ ಸಂಗಡ ಬಾಳಿ ಐದು ಮಂದಿ ಗಂಡುಮಕ್ಕಳನ್ನು ಹೆತ್ತವಳು. ಅರಸನು ದುಃಖದಿಂದ ಕೋಣೆಯನ್ನು ಸೇರಿ, ಕೆಲವು ಆಪ್ತರ ಹೊರತು ಯಾರ ಮುಖವನ್ನೂ ನೋಡದೆ ಅನೇಕ ದಿನ ಇದ್ದುಬಿಟ್ಟನು. ಅರಸನೇ ಸತ್ತನೆಂಬ ಸುದ್ದಿ ಹಬ್ಬಿತು. ವೈರಿಗಳು ಅದನ್ನು ನಂಬಿ ದಂಗೆಯೆದ್ದರು. ಅವನು ಎದ್ದು ಹಡಗು ಹತ್ತಿ ತಾನು ಜೀವದಿಂದಿದ್ದೇನೆಂದು ತೋರಿಸಬೇಕಾಯಿತು. ಕಠಿಣನೆಂದು ಲೋಕವೇ ಹೇಳುತ್ತಿದ್ದ ಈ ಮನುಷ್ಯನು ಹೆಂಡತಿಯನ್ನು ನೆನಸಿ ರಾಜ್ಯವನ್ನೇ ಮರೆತ ಈ ದಿನಗಳನ್ನು ಓದುವಾಗ ನಮಗೆ ಅವನ ಮೇಲೆ ಕನಿಕರ ಹುಟ್ಟುವದು.

1137 ರಲ್ಲಿ ಜರ್ಮನಿಯ ಚಕ್ರವರ್ತಿ ಲೋಥಾರನು ದೊಡ್ಡ ದಂಡಿನೊಡನೆ ಬಂದು ಇಟಲಿಯಲ್ಲಿದ್ದ ರೋಜರನ ಸೀಮೆಯನ್ನು ಬಹುಮಟ್ಟಿಗೆ ಹಿಡಿದನು. ಆದರೆ ಹಿಂತಿರುಗುವ ದಾರಿಯಲ್ಲಿಯೇ ಸತ್ತನು. ಮುಂದಿನ ಜನವರಿಯಲ್ಲಿ ಅನಾಕ್ಲೇತನೂ ಸತ್ತನು. 1139 ರಲ್ಲಿ ಪೋಪ ಇನ್ನೊಸೆಂಟನು ರೋಜರನನ್ನು ಸಭೆಯಿಂದ ಬಹಿಷ್ಕರಿಸಿ, ತಾನೇ ದಂಡಿನ ಮುಂದಾಳಾಗಿ ಅವನ ಮೇಲೆ ಹೊರಟನು. ಗಲ್ಲುಚ್ಚೊ ಎಂಬಲ್ಲಿ ಅರಸನ ಮಗನು ಹೊಂಚುಹಾಕಿ ಪೋಪನನ್ನು ಸೆರೆಹಿಡಿದನು. ಮೂರು ದಿನಗಳಾದ ಮೇಲೆ ಸೆರೆಯಾಳಾದ ಪೋಪನು ತನ್ನನ್ನು ಹಿಡಿದವನ ಕಿರೀಟವನ್ನು ಒಪ್ಪಿಕೊಂಡನು. ಹೀಗೆ ರೋಜರನು ನ್ಯಾಯವಾದ ಅರಸನೆನಿಸಿಕೊಂಡನು. ಆದಾಗ್ಯೂ ಅನಾಕ್ಲೇತನ ಕಾಲದಲ್ಲಿ ಸ್ಥಾಪಿತವಾದ ಚೆಫಾಲುವಿನ ಬಿಷಪ ಪೀಠವನ್ನು ರೋಮಿನವರು ಅರಸನ ಜೀವಮಾನದಲ್ಲಿ ಅಂಗೀಕರಿಸಲಿಲ್ಲ. ಕತ್ತಿಯಿಂದ ಕಿರೀಟವನ್ನು ಒಪ್ಪಿಸಬಹುದಾಗಿತ್ತು. ದೇವಾಲಯವನ್ನು ಒಪ್ಪಿಸುವದು ಅಷ್ಟು ಸುಲಭವಾಗಲಿಲ್ಲ.

4. ಅರಸನ ಆಳಿಕೆ

1140 ರಲ್ಲಿ ರೋಜರನು ಅರಿಯಾನೊ ಎಂಬಲ್ಲಿ ಪ್ರಭುಗಳನ್ನು ಕೂಡಿಸಿ ರಾಜ್ಯಕ್ಕೆಲ್ಲಾ ನ್ಯಾಯಪ್ರಮಾಣವನ್ನು ಕೊಟ್ಟನೆಂದು ಚರಿತ್ರೆಗಾರರು ಬರೆಯುತ್ತಾರೆ. ಆ ಕಟ್ಟಳೆಗಳಲ್ಲಿ ಎರಡು ನಮ್ಮ ಗಮನಕ್ಕೆ ಯೋಗ್ಯವಾಗಿವೆ. ಮೊದಲನೆಯದು, ತನ್ನ ಅಧಿಕಾರದ ಕೆಳಗಿರುವ ಬೇರೆ ಬೇರೆ ಜನಾಂಗಗಳವರು, ಅರಸನ ಕಟ್ಟಳೆಗೆ ವಿರೋಧವಿಲ್ಲದ ಮಟ್ಟಿಗೆ, ತಮ್ಮ ತಮ್ಮ ಪದ್ಧತಿಗಳ ಮೇರೆಗೇ ನಡೆಯಬಹುದೆಂಬದು. ಎರಡನೆಯದು, ಪರೀಕ್ಷೆಯನ್ನು ಕೊಟ್ಟು ಅಪ್ಪಣೆ ಪಡೆಯದ ಯಾವನೂ ವೈದ್ಯವೃತ್ತಿಯನ್ನು ನಡಿಸಕೂಡದೆಂಬದು. ತಪ್ಪಿದವನಿಗೆ ಸೆರೆಯೂ ಆಸ್ತಿಯ ನಷ್ಟವೂ ಶಿಕ್ಷೆ. ಅರೆತಿಳಿದ ವೈದ್ಯನ ಕೈಗೆ ಸಿಕ್ಕಿ ಬಡವರು ಜೀವ ಕಳಕೊಳ್ಳುವದನ್ನು ಒಬ್ಬ ಅರಸನು ಎಂಟುನೂರು ವರುಷಗಳಿಗೂ ಹಿಂದೆಯೇ ಮನಸ್ಸಿಗೆ ತಂದುಕೊಂಡನು.

ಅವನ ಪಲೆರ್ಮೊದಲ್ಲಿ ಒಂದೇ ಭಾಷೆಯವರು ದೊಡ್ಡವರಾಗಿರಲಿಲ್ಲ. 1142 ರಲ್ಲಿ ಅರಮನೆಯಲ್ಲಿ ನೀರಿನ ಗಡಿಯಾರವನ್ನು ಇಡಿಸಿದಾಗ ಅದರ ಶಾಸನವನ್ನು ಲತೀನ್, ಗ್ರೀಕ್, ಅರಬಿ ಎಂಬ ಮೂರು ಭಾಷೆಗಳಲ್ಲಿ ಕೆತ್ತಿಸಿದನು. 1149 ರಲ್ಲಿ ಒಬ್ಬ ಪಾದ್ರಿಯು ತನ್ನ ತಾಯಿಯ ಸಮಾಧಿಯ ಕಲ್ಲಿನ ಮೇಲೆ ಇಬ್ರಿಯ, ಲತೀನ್, ಗ್ರೀಕ್, ಅರಬಿ ಲಿಪಿಗಳು ನಾಲ್ಕರಲ್ಲಿಯೂ ಬರೆಯಿಸಿದನು. ದಾರಿಯಲ್ಲಿ ಹೋಗುವವನು ಯೆಹೂದ್ಯನಾದರೂ ಮುಸಲ್ಮಾನನಾದರೂ ಕ್ರೈಸ್ತನಾದರೂ ಆ ತಾಯಿಯ ಹೆಸರನ್ನು ಓದುವ ಹಾಗಿತ್ತು. ಅರಸನ ನೌಕಾಧಿಪತಿಯೂ ಮುಖ್ಯ ಮಂತ್ರಿಯೂ ಆದ ಜಾರ್ಜನು, ಶಿಷ್ಯರಿಗೆ ಮೊದಲು ಕ್ರೈಸ್ತರೆಂದು ಹೆಸರಾದ ಅಂತಿಯೋಕ್ಯದವನು. ಅವನು ಗ್ರೀಕ್ ಸಭೆಗೆ ಸೇರಿದವನಾಗಿದ್ದನು.

ಅರಸನಿಗೆ ಭೂಗೋಳಶಾಸ್ತ್ರದಲ್ಲಿ ಬಹಳ ಆಸಕ್ತಿ. ಅಲ್ ಇದ್ರೀಸಿ ಎಂಬ ಮುಸಲ್ಮಾನ ಪಂಡಿತನನ್ನು ಕರಿಸಿ, ದೇಶದೇಶಗಳನ್ನು ನೋಡಿ ಬಂದವರನ್ನು ವಿಚಾರಿಸಿ, ಒಬ್ಬನ ಮಾತನ್ನು ಮತ್ತೊಬ್ಬನ ಮಾತಿನೊಂದಿಗೆ ಹೋಲಿಸಿ, ಸುಮಾರು ಹದಿನೈದು ವರುಷ ಕೆಲಸ ನಡಿಸಿದನು. ಕೊನೆಗೆ ಬೆಳ್ಳಿಯ ದೊಡ್ಡ ತಟ್ಟೆಯ ಮೇಲೆ ಆ ಕಾಲದವರಿಗೆ ತಿಳಿದಿದ್ದ ಲೋಕದ ನಕ್ಷೆಯನ್ನು ಕೆತ್ತಲಾಯಿತು. ಅದರ ವಿವರಣೆಯಾಗಿ ಅರಬಿ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವೂ ಹುಟ್ಟಿತು. ಬೆಳ್ಳಿಯ ತಟ್ಟೆಯು ಎಂದೋ ಹೋಯಿತು. ಗ್ರಂಥದ ಕೈಬರಹದ ಪ್ರತಿಗಳು ಇಂದಿಗೂ ಇವೆ.

5. ಅರಸನ ತಪ್ಪುಗಳು

ಅರಸನ ಗುಣಗಳನ್ನು ಬರೆದು ದೋಷಗಳನ್ನು ಮುಚ್ಚುವದು ಸತ್ಯವಲ್ಲ. ದಾವೀದನ ಪಾಪವನ್ನೂ ಪೇತ್ರನ ಬೀಳುವಿಕೆಯನ್ನೂ ಮರೆಮಾಡದ ಪುಸ್ತಕವನ್ನು ಓದುವವರಾದ ನಾವು ಹಾಗೆ ಮಾಡಬಾರದು. ತಿರುಗಿಬಿದ್ದ ಪಟ್ಟಣಗಳಿಗೆ ರೋಜರನು ಬಹು ಕ್ರೂರವಾದ ಶಿಕ್ಷೆಗಳನ್ನು ಕೊಟ್ಟನು. 1147 ರಲ್ಲಿ ಅವನ ಹಡಗುಗಳು ಗ್ರೀಸ್ ದೇಶದ ಮೇಲೆ ಬಿದ್ದು ಥೀಬ್ಸ್ ಪಟ್ಟಣವನ್ನೂ, ಪೌಲನು ಪತ್ರಿಕೆಗಳನ್ನು ಬರೆದ ಕೊರಿಂಥವನ್ನೂ ಸೂರೆಮಾಡಿದವು. ಅಲ್ಲಿ ರೇಷ್ಮೆ ನೇಯುವ ಕುಶಲರನ್ನು ಹಿಡಿದು ಪಲೆರ್ಮೊವಿಗೆ ತಂದು ಅರಸನ ಮಗ್ಗಗಳಲ್ಲಿ ಕೂರಿಸಿದರು. ಕ್ರೈಸ್ತ ಅರಸನು ಕ್ರೈಸ್ತ ನೇಕಾರರನ್ನೇ ಮನೆಮಾರುಗಳಿಂದ ಕಿತ್ತು ಸೆರೆಯೊಯ್ದನು. ಆಫ್ರಿಕದ ಕರಾವಳಿಯಲ್ಲಿಯೂ 1146 ರಲ್ಲಿ ತ್ರಿಪೊಲಿಯನ್ನು, 1148 ರಲ್ಲಿ ಮಹದಿಯವನ್ನು ಹಿಡಿದನು. ಅವನು ಸತ್ತು ಆರು ವರುಷಗಳೊಳಗೆ ಇವೆಲ್ಲಾ ಕೈಬಿಟ್ಟುಹೋದವು.

ಎಲ್ಲಕ್ಕಿಂತ ಕೆಟ್ಟ ಕೆಲಸವು 1153 ರಲ್ಲಿ ನಡೆಯಿತು. ಫಿಲಿಪ್ಪನೆಂಬವನು ಅರಮನೆಯಲ್ಲಿ ಬೆಳೆದು ನೌಕಾಧಿಪತಿಯಾಗಿ ಅರಸನಿಗಾಗಿ ಜಯಹೊಂದಿ ಬಂದಿದ್ದನು. ಹೊರಗೆ ಕ್ರೈಸ್ತನಾಗಿ ಒಳಗೆ ಮುಸಲ್ಮಾನನಾಗಿದ್ದಾನೆಂದು ಅವನ ಮೇಲೆ ದೂರು ಬಂತು. ಅರಸನು ಅವನನ್ನು ಬೆಂಕಿಯಲ್ಲಿ ಸುಡಿಸಿದನು. ಬೇರೆ ನಂಬಿಕೆಯವರನ್ನು ಆಸ್ಥಾನದಲ್ಲಿ ಗೌರವದಿಂದ ಕೂರಿಸಿದ ಕೈಯೇ ಈ ಕೆಲಸವನ್ನೂ ಮಾಡಿತು. ನಂಬಿಕೆಯು ಹೃದಯದ ಕಾರ್ಯ. ಬೆಂಕಿಯಿಂದ ಅದನ್ನು ಹುಟ್ಟಿಸಲಿಕ್ಕೂ ಕಾಪಾಡಲಿಕ್ಕೂ ಆಗದೆಂಬದನ್ನು ಅವನು ಕಲಿಯಲಿಲ್ಲ.

6. ಶವಪೆಟ್ಟಿಗೆ

ಈಗ ಚೆಫಾಲುವಿಗೆ ಹಿಂತಿರುಗೋಣ. 1145 ರಲ್ಲಿ ರೋಜರನು ಆ ದೇವಾಲಯಕ್ಕೆ ಪೋರ್ಫಿರಿ ಎಂಬ ಧೂಮ್ರವರ್ಣದ ಕಲ್ಲಿನ ಎರಡು ಶವಪೆಟ್ಟಿಗೆಗಳನ್ನು ಕೊಟ್ಟು ಪತ್ರವನ್ನು ಬರೆಯಿಸಿದನು. ಈ ಕಲ್ಲು ಬಹಳ ಗಟ್ಟಿ, ಐಗುಪ್ತದಿಂದ ಬಂದದ್ದು, ಪೂರ್ವದಲ್ಲಿ ಚಕ್ರವರ್ತಿಗಳಿಗೆ ಮಾತ್ರ ಸಲ್ಲುತ್ತಿದ್ದದ್ದು. ಒಂದರಲ್ಲಿ ತನ್ನ ದೇಹವನ್ನು ಇಡಬೇಕು. ಮತ್ತೊಂದು ತನ್ನ ನೆನಪಿಗೂ ಆಲಯದ ಗೌರವಕ್ಕೂ ಇರಬೇಕು, ಎಂಬದು ಅವನ ಮನಸ್ಸು. 1148 ರೊಳಗೆ ಆಲಯದ ಮೂಡಣ ತುದಿಯಲ್ಲಿ ಬಣ್ಣದ ಗಾಜಿನ ಮತ್ತು ಚಿನ್ನದ ಸಣ್ಣ ಸಣ್ಣ ಹರಳುಗಳಿಂದ ಕ್ರಿಸ್ತನ ದೊಡ್ಡ ಚಿತ್ರವು ಮುಗಿಯಿತು.

ಆ ವರುಷಗಳಲ್ಲಿಯೇ ಅರಸನ ಮನೆಯಲ್ಲಿ ಒಂದರ ಹಿಂದೆ ಒಂದು ಶವ ಹೊರಟಿತು. ಅವನ ಪ್ರೀತಿಯ ಹಿರಿಯ ಮಗನು ಸತ್ತನು. ಬೇರೆ ಮಕ್ಕಳೂ ಸತ್ತರು. ಎಲ್ವೀರಳ ಐದು ಗಂಡುಮಕ್ಕಳಲ್ಲಿ ವಿಲಿಯಮನೊಬ್ಬನೇ ಉಳಿದನು. 1151 ರಲ್ಲಿ ತಂದೆಯು ಅವನನ್ನೇ ಜೊತೆಯರಸನನ್ನಾಗಿ ಮಾಡಿದನು. 1154 ನೇ ಜನವರಿಯಲ್ಲಿ ಅಲ್ ಇದ್ರೀಸಿಯ ಗ್ರಂಥವು ಮುಗಿಯಿತು. ಫೆಬ್ರವರಿ 26 ರಲ್ಲಿ, ತನ್ನ ಐವತ್ತೊಂಬತ್ತನೆಯ ವರುಷದಲ್ಲಿ, ಅರಸನು ಪಲೆರ್ಮೊದಲ್ಲಿ ಪ್ರಾಣಬಿಟ್ಟನು.

ಅವನನ್ನು ಚೆಫಾಲುವಿಗೆ ಒಯ್ಯಲಿಲ್ಲ. ಪಲೆರ್ಮೊವಿನ ದೊಡ್ಡ ದೇವಾಲಯದಲ್ಲಿಯೇ ಹೂಣಿಟ್ಟರು. ಅರಸನ ಮಾತನ್ನು ನಡಿಸಿಕೊಡಬೇಕೆಂದು ಚೆಫಾಲುವಿನ ಯಾಜಕರು ಬೇಡಿಕೊಂಡರೂ ದೇಹವು ಬರಲಿಲ್ಲ. ಧೂಮ್ರವರ್ಣದ ಪೆಟ್ಟಿಗೆಗಳು ಬರಿದಾಗಿಯೇ ಎಪ್ಪತ್ತು ವರುಷ ಅಲ್ಲಿದ್ದವು. ಅರಸನು ಸತ್ತ ಮೇಲೆ ಹುಟ್ಟಿದ ಅವನ ಮಗಳು ಕಾನ್ಸ್ಟಾನ್ಸಳಿಗೆ ಮುಂದೆ ಫ್ರೆಡೆರಿಕನೆಂಬ ಮಗನಾಗಿ, ಅವನು ಸಿಸಿಲಿಗೂ ಜರ್ಮನಿಗೂ ಅರಸನಾದನು. 1215 ರಲ್ಲಿ ಈ ಮೊಮ್ಮಗನು ಆ ಎರಡು ಪೆಟ್ಟಿಗೆಗಳನ್ನು ಚೆಫಾಲುವಿನಿಂದ ತೆಗಿಸಿ ಪಲೆರ್ಮೊವಿಗೆ ಸಾಗಿಸಿದನು. ಒಂದರಲ್ಲಿ ಅವನ ತಂದೆಯಾದ ಆರನೆಯ ಹೆನ್ರಿಯನ್ನು ಇಟ್ಟರು. ಮತ್ತೊಂದರಲ್ಲಿ, 1250 ರಲ್ಲಿ ಸತ್ತ ಫ್ರೆಡೆರಿಕನನ್ನೇ ಇಟ್ಟರು. ರೋಜರನು ತನಗಾಗಿ ಕಾದಿಟ್ಟದ್ದರಲ್ಲಿ ಬೇರೆಯವರು ಮಲಗಿದ್ದಾರೆ. ಅವನು ಅದೇ ಆಲಯದಲ್ಲಿ ಅದಕ್ಕಿಂತ ಸಾದಾ ಸಮಾಧಿಯೊಂದರಲ್ಲಿ ಇದ್ದಾನೆ.

ದೇವಾಲಯದ ಕಟ್ಟೋಣವೂ ಅವನು ನೆನಸಿದಂತೆ ಮುಗಿಯಲಿಲ್ಲ. ಮೂಡಣ ಭಾಗವು ಬಹಳ ಎತ್ತರ. ಜನರು ಕೂಡುವ ನಡುಭಾಗವು ಅದಕ್ಕಿಂತ ತಗ್ಗು. ಮಹಾ ಸಂಕಲ್ಪದಿಂದ ತೊಡಗಿ ಕಡಿಮೆಯದರಲ್ಲಿ ಮುಗಿಸಿದ್ದು ಹೊರಗಿನಿಂದಲೇ ಕಾಣುವದು. ಬುರುಜುಗಳ ನಡುವಣ ಮುಖವು 1240 ರಲ್ಲಿ ಮುಗಿಯಿತು. ಪ್ರತಿಷ್ಠೆಯು 1267 ರಲ್ಲಿ, ಅಂದರೆ ಅಸ್ತಿವಾರ ಹಾಕಿ 136 ವರುಷಗಳಾದ ಮೇಲೆ, ನಡೆಯಿತು. 2015 ರಲ್ಲಿ ಲೋಕದ ಜನಾಂಗಗಳ ಸಂಘದ ಒಂದು ಅಂಗವಾದ ಯುನೆಸ್ಕೊ ಸಂಸ್ಥೆಯು ಇದನ್ನು ಪಲೆರ್ಮೊವಿನ ಮತ್ತು ಮೊನ್ರೆಯಾಲೆಯ ಕಟ್ಟಡಗಳೊಂದಿಗೆ ಲೋಕದ ಆಸ್ತಿಯೆಂದು ಎಣಿಸಿತು.

ಪ್ರಿಯರೇ, ಆ ಆಲಯದಲ್ಲಿ ಕ್ರಿಸ್ತನ ಚಿತ್ರದ ಎಡಗೈಯಲ್ಲಿ ಒಂದು ತೆರೆದ ಪುಸ್ತಕವಿದೆ. ಅದರ ಒಂದು ಪುಟದಲ್ಲಿ ಗ್ರೀಕ್ ಭಾಷೆಯಲ್ಲಿಯೂ ಮತ್ತೊಂದರಲ್ಲಿ ಲತೀನ್ ಭಾಷೆಯಲ್ಲಿಯೂ ಒಂದೇ ವಾಕ್ಯವು ಬರೆದದೆ. ಅದು ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ಕರ್ತನು ತಾನು ಲೋಕಕ್ಕೆ ಬೆಳಕಾಗಿರುವದನ್ನು ತಿಳಿಸುವ ಹನ್ನೆರಡನೆಯ ವಚನ. ಆ ದ್ವೀಪದಲ್ಲಿ ಗ್ರೀಕ್ ಸಭೆಯವರೂ ಲತೀನ್ ಸಭೆಯವರೂ ಇದ್ದರು. ಒಬ್ಬರ ಭಾಷೆಯು ಮತ್ತೊಬ್ಬರಿಗೆ ತಿಳಿಯುತ್ತಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಓದಿಕೊಳ್ಳಲೆಂದು ಪುಸ್ತಕವು ಹಾಗೆ ತೆರೆದಿಡಲ್ಪಟ್ಟಿತು. ಅರಸನು ತನಗೋಸ್ಕರ ಇಡಿಸಿದ ಕಲ್ಲಿನ ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋದರು. ಅವನ ಕಿರೀಟವು 1194 ರಲ್ಲಿ ಬೇರೆ ವಂಶಕ್ಕೆ ಹೋಯಿತು. ಬುರುಜುಗಳು ಕಾಯಬೇಕಾಗಿದ್ದ ಶತ್ರುಗಳೂ ಈಗ ಇಲ್ಲ. ಇತರರು ಓದಲಿಕ್ಕೆ ಅವನು ಬರೆಯಿಸಿದ ಆ ಎರಡು ಪುಟಗಳೋ ಇಂದಿನ ವರೆಗೂ ತೆರೆದೇ ಇವೆ.

ನಾವೂ ನಮ್ಮ ನಮ್ಮ ಅಳತೆಗೆ ತಕ್ಕ ಹಾಗೆ ಮನೆಯನ್ನೋ ಹೊಲದ ಬೇಲಿಯನ್ನೋ ಮಕ್ಕಳಿಗೆ ಆಸ್ತಿಯನ್ನೋ ಭದ್ರಮಾಡುತ್ತಿರುತ್ತೇವೆ. ಅದು ತಪ್ಪಲ್ಲ, ಊರಿನ ಜನರು ಗುಡ್ಡದಿಂದ ಇಳಿದು ಬರಲಿಕ್ಕೆ ಗೋಡೆ ಬೇಕಾಗಿತ್ತು. ಆದರೆ ನಮ್ಮ ಕಡೇ ಮಲಗುವ ಸ್ಥಳವನ್ನು ಸಹ ನಿಶ್ಚಯಿಸುವದು ನಮ್ಮ ಕೈಯಲ್ಲಿಲ್ಲವೆಂಬದನ್ನು ಈ ಅರಸನ ಚರಿತ್ರೆಯಿಂದ ಕಲಿಯೋಣ. ಈ ಸಾಯಂಕಾಲ ದೀಪ ಹಚ್ಚಿ ಕುಳಿತಾಗ, ಓದು ಬಲ್ಲವರು ಓದಲರಿಯದವರನ್ನು ಹತ್ತಿರ ಕೂರಿಸಿಕೊಂಡು, ಯೋಹಾನನ ಆ ಎಂಟನೆಯ ಅಧ್ಯಾಯವನ್ನು ನಮ್ಮ ಕನ್ನಡದಲ್ಲಿ ಒಂದು ಸಾರಿ ಓದಿ ಹೇಳಲಿ.